ಲೆಕ್ಕದ ತಂತ್ರಾಂಶ ಬರೆಸುವ ಮುನ್ನ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ವರ್ತಕರಾಗಲಿ ಸಣ್ಣ ಕೈಗಾರಿಕೋದ್ಯಮಿಗಳಾಗಲಿ ತಮ್ಮ ವಹಿವಾಟಿಗೆಂದೇ ತಂತ್ರಾಂಶ ಬರೆಸಲು ಹೊರಟರೆ, ಬರೆಯುವವರ ಬಾಯಲ್ಲಿ ‘ಓಆರ್‌ಎಂ’ ಎಂಬ ಮಾತು ಕೇಳಿಬರುತ್ತದೆ. ಅದರಿಂದ ಕೆಲಸ ಬೇಗ ಮುಗಿಯುತ್ತದೆಂಬುದು ನಿಜ. ಎಲ್ಲ ಕೆಲಸಕ್ಕೂ ಅದೊಂದೇ ಸಾಕೆಂಬುದು ಮಾತ್ರ ನಿಜವಲ್ಲ.

ಗಣಕಯಂತ್ರದಲ್ಲಿ ದತ್ತಾಂಶವು ಕೋಷ್ಟಕಗಳಾಗಿ ಇರುತ್ತದೆ. ಅದನ್ನು ಎಸ್‌ಕ್ಯೂಎಲ್ ಭಾಷೆಯಲ್ಲಿ ಕೇಳಿ ಪಡೆಯಬೇಕು. ತಂತ್ರಾಂಶ ಬರೆಯುವವರಿಗಾದರೋ ‘ಬಿಲ್ಲು’, ‘ಗಿರಾಕಿ’ ಎಂಬ ಇಡಿಯಾದ ವಸ್ತುಗಳು ಬೇಕು. ಇವೆರಡರ ನಡುವಣ ದುಭಾಷಿಯೇ ಆಬ್ಜೆಕ್ಟ್ ರಿಲೇಷನಲ್ ಮ್ಯಾಪರ್, ಅಂದರೆ ಓಆರ್‌ಎಂ. 2001ರಲ್ಲಿ ಆರಂಭವಾದ ಹೈಬರ್ನೇಟ್ ಇದರ ಪ್ರಸಿದ್ಧ ಉದಾಹರಣೆ.

ದುಭಾಷಿ ಎಲ್ಲಿ ಬೇಕು, ಎಲ್ಲಿ ಬೇಡ? ಭೂಮಿ ಯೋಜನೆಯನ್ನು ನೆನೆಯಿರಿ. 2002ರ ವೇಳೆಗೆ ರಾಜ್ಯದ 177 ತಾಲ್ಲೂಕುಗಳಲ್ಲೂ, ನಮ್ಮ ನಾಲ್ಕೂ ಸೇರಿ, 15 ರೂಪಾಯಿಗೆ ಗಣಕೀಕೃತ ಪಹಣಿ ದೊರೆಯತೊಡಗಿತು. ಒಬ್ಬ ರೈತರಿಗೆ ಒಂದು ಪಹಣಿ ತೆಗೆದುಕೊಡುವುದು ಒಂದು ಬಗೆಯ ಕೆಲಸ; ಇಡೀ ತಾಲ್ಲೂಕಿನಲ್ಲಿ ಕಡಲೆಕಾಯಿ ಎಷ್ಟು ಎಕರೆಯಲ್ಲಿದೆಯೆಂದು ಕೂಡಿಸುವುದು ಬೇರೆಯೇ ಬಗೆ. ಭೂಮಿಯಲ್ಲಿ ಓಆರ್‌ಎಂ ಇತ್ತೆಂದು ಇದರ ಅರ್ಥವಲ್ಲ. ಅಂಗಡಿಯ ಲೆಕ್ಕದಲ್ಲೂ ಇವೇ ಎರಡು ಬಗೆಗಳಿವೆ ಎಂಬುದಷ್ಟೇ. ಬಿಲ್ಲು ಬರೆಯುವುದು, ಗಿರಾಕಿಯ ವಿಳಾಸ ತಿದ್ದುವುದು ಮೊದಲನೆಯದು. ಅಲ್ಲಿ ಓಆರ್‌ಎಂ ಧಾರಾಳವಾಗಿ ಇರಲಿ.

ತೊಂದರೆ ಬರುವುದು ತಿಂಗಳ ಕೊನೆಗೆ. ಕಡಲೆಕಾಯಿ ವರ್ತಕರೊಬ್ಬರ ಬಳಿ ತಿಂಗಳಿಗೆ 2,000 ಬಿಲ್ಲುಗಳಿವೆ ಎಂದುಕೊಳ್ಳೋಣ. ಯಾವ ಸರಕು ಎಷ್ಟು ಕ್ವಿಂಟಾಲ್ ಹೋಯಿತೆಂದು ತಿಳಿಯಬೇಕು. ಎಚ್ಚರವಿಲ್ಲದೆ ಬರೆದ ಓಆರ್‌ಎಂ ಮೊದಲು ಬಿಲ್ಲುಗಳ ಪಟ್ಟಿ ತರುತ್ತದೆ. ಬಳಿಕ ಪ್ರತಿ ಬಿಲ್ಲಿನ ಸರಕಿಗಾಗಿ ಮತ್ತೊಮ್ಮೆ ಹೋಗುತ್ತದೆ. ಒಟ್ಟು 2,001 ಸಲ ಓಡಾಟ! ಗೋದಾಮಿಗೆ ಹೋಗಿ ಒಂದೊಂದೇ ಮೂಟೆ ಹೊತ್ತು ತಂದು ಎಣಿಸಿದಂತೆ. ದೂರದ ಸರ್ವರಿಗೆ ಒಮ್ಮೆ ಹೋಗಿ ಬರಲು 20 ಮಿಲಿಸೆಕೆಂಡು ಹಿಡಿದರೂ 40 ಸೆಕೆಂಡು ಕಾಯಬೇಕು. ವರ್ಷದ ಲೆಕ್ಕಕ್ಕೆ ಎಂಟು ನಿಮಿಷ. ನೇರ ಎಸ್‌ಕ್ಯೂಎಲ್‌ನಲ್ಲಿ ಸರಕುವಾರು ಮೊತ್ತವನ್ನು ಒಂದೇ ಪ್ರಶ್ನೆಯಲ್ಲಿ ಕೇಳಬಹುದು. ಕೂಡುವ ಕೆಲಸ ದತ್ತಸಂಚಯದ ಒಳಗೇ ಮುಗಿದು ಉತ್ತರ ಮಾತ್ರ ಬರುತ್ತದೆ. ವಿವರಗಳನ್ನು ಒಟ್ಟಿಗೇ ತರುವಂತೆ ಓಆರ್‌ಎಂಗೂ ಹೇಳಬಹುದು, ಆದರೆ ಆಗಲೂ ಬಿಲ್ಲುಗಳೆಲ್ಲ ಹೊರಬಂದೇ ಎಣಿಕೆಯಾಗುತ್ತವೆ.

ಒಂದೇ ತಂತ್ರಾಂಶದಲ್ಲಿ ಎರಡನ್ನೂ ಬಳಸಲು ಅಡ್ಡಿಯಿಲ್ಲ. ಹೈಬರ್ನೇಟ್ ಕೂಡ ನೇರ ಎಸ್‌ಕ್ಯೂಎಲ್‌ಗೆ ಅವಕಾಶ ಕೊಡುತ್ತದೆ. ಹತ್ತು ಬಿಲ್ಲುಗಳ ಪ್ರದರ್ಶನದಲ್ಲಿ ಈ ದೋಷ ಕಾಣುವುದೇ ಇಲ್ಲ, ಎಲ್ಲವೂ ಚಕಚಕನೆ ಬರುತ್ತದೆ. ಆದ್ದರಿಂದ ಎರಡು ವರ್ಷದ ಬಿಲ್ಲುಗಳನ್ನು ತುಂಬಿಸಿ, ಸರಕುವಾರು ಪಟ್ಟಿ ತೆಗೆಸಿ ನೋಡಿದ ಮೇಲೆಯೇ ಕೊನೆಯ ಕಂತು ಪಾವತಿಸಿರಿ.