ಅಲ್ಪ ವೆಚ್ಚದಲ್ಲಿ ಕ್ವಿಟೋ ನಗರ ದರ್ಶನ

“ದೇಶ ಸುತ್ತಬೇಕು, ಕೋಶ ಓದಬೇಕು” ಎಂಬುದು ನಮ್ಮ ಹಿರಿಯರ ಮಾತು. ಕೋಶವನ್ನು ಗ್ರಂಥಾಲಯದಿಂದ ಎರವಲು ತರಬಹುದು. ದೇಶವನ್ನು ಎರವಲು ತರುವಂತಿಲ್ಲವಷ್ಟೆ. ಆದುದರಿಂದ ಪ್ರವಾಸವೆಂಬುದು ಸಿರಿವಂತರ ವಿನೋದವೆಂದು ನಮ್ಮಲ್ಲಿ ಅನೇಕರು ಕೈಕಟ್ಟಿ ಕುಳಿತಿದ್ದಾರೆ. ಆದರೆ ಹಣವೊಂದೇ ದೇಶವನ್ನು ತೋರಿಸಬಲ್ಲುದೆ? ಈ ಪ್ರಶ್ನೆಗೆ ಉತ್ತರವಾಗಿ ದಕ್ಷಿಣ ಅಮೆರಿಕದ ಒಂದು ನಗರವನ್ನು ವಾಚಕರ ಮುಂದಿಡಬಯಸುತ್ತೇನೆ. ನಾನು ಅದನ್ನು ಕಣ್ಣಾರೆ ಕಂಡವನಲ್ಲ. ಪುಸ್ತಕ, ಭೂಪಟಗಳ ಮೂಲಕ ಸುತ್ತಿದವನು.

ಈಕ್ವೆಡಾರ್ ದೇಶದ ರಾಜಧಾನಿಯೇ ಕ್ವಿಟೋ. ಅಲ್ಲಿಯ ಜನ ಅದನ್ನು ‘ಕೀತೋ’ ಎಂದು ಉಚ್ಚರಿಸುತ್ತಾರೆ. ಆಂಡಿಸ್ ಪರ್ವತಶ್ರೇಣಿಯ ನಡುವೆ, ಪಿಚಿಂಚ ಎಂಬ ಜ್ವಾಲಾಮುಖಿಯ ಮಗ್ಗುಲಲ್ಲಿ, ಸಮುದ್ರಮಟ್ಟದಿಂದ ಸುಮಾರು 2,850 ಮೀಟರ್ ಎತ್ತರದಲ್ಲಿ ಈ ನಗರ ನೆಲೆಸಿದೆ. ನಮ್ಮ ರಾಜ್ಯದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯ ಎತ್ತರ ಸುಮಾರು 1,930 ಮೀಟರ್. ಎಂದರೆ ಕ್ವಿಟೋದ ಬೀದಿಯಲ್ಲಿ ತರಕಾರಿ ಮಾರುವ ಹೆಂಗಸು ಮುಳ್ಳಯ್ಯನಗಿರಿಯ ನೆತ್ತಿಗಿಂತ ಒಂಬೈನೂರು ಮೀಟರ್ ಮೇಲೆ ಕುಳಿತಿರುತ್ತಾಳೆ!

ಭೂಮಧ್ಯರೇಖೆಯ ಸಮೀಪದ ಊರೆಂದರೆ ಉರಿಬಿಸಿಲಿನ ಊರೆಂದು ಊಹಿಸುವುದು ಸಹಜ. ಆದರೆ ಎತ್ತರವು ಆ ಉಷ್ಣವನ್ನು ತಗ್ಗಿಸಿದೆ. ಹಗಲಿನಲ್ಲಿ ಸುಮಾರು 20 ಡಿಗ್ರಿ, ರಾತ್ರಿ ಸುಮಾರು 10 ಡಿಗ್ರಿ ಸೆಲ್ಸಿಯಸ್. ವರ್ಷವಿಡೀ ಇದರಲ್ಲಿ ಹೆಚ್ಚು ವ್ಯತ್ಯಾಸವಿಲ್ಲ. ಸೂರ್ಯನು ಎಲ್ಲ ಋತುಗಳಲ್ಲಿಯೂ ಬೆಳಿಗ್ಗೆ ಆರರ ಸುಮಾರಿಗೆ ಉದಯಿಸಿ ಸಂಜೆ ಆರರ ಸುಮಾರಿಗೆ ಅಸ್ತಮಿಸುತ್ತಾನೆ. ಮಿತವ್ಯಯದ ಪ್ರವಾಸಿಗೆ ಇದೊಂದು ಉಪಕಾರ. ಫ್ಯಾನೂ ಬೇಡ, ಭಾರಿ ಉಣ್ಣೆಯ ಬಟ್ಟೆಯೂ ಬೇಡ, ಒಂದು ಸ್ವೆಟರ್ ಮತ್ತು ಒಂದು ಕೊಡೆ ಸಾಕು.

ಆದರೆ ಎತ್ತರವು ತನ್ನ ಸುಂಕವನ್ನು ವಸೂಲು ಮಾಡದೆ ಬಿಡುವುದಿಲ್ಲ. ಅಲ್ಲಿ ವಾಯುವಿನ ಒತ್ತಡ ಸಮುದ್ರತೀರದ ಒತ್ತಡದ ಮುಕ್ಕಾಲಿಗಿಂತಲೂ ಸ್ವಲ್ಪ ಕಡಿಮೆ. ಉಸಿರೊಂದಕ್ಕೆ ದೊರೆಯುವ ಆಮ್ಲಜನಕವೂ ಅಷ್ಟೇ ಕಡಿಮೆಯಾದ್ದರಿಂದ ಹೊಸಬನಿಗೆ ತಲೆನೋವು, ಏದುಸಿರು, ನಿದ್ರಾಹೀನತೆ ಬರಬಹುದು. ಮೊದಲ ದಿನ ಮೆಲ್ಲನೆ ನಡೆದು, ಧಾರಾಳವಾಗಿ ನೀರು ಕುಡಿದು, ಮಿತವಾಗಿ ಉಂಡು ವಿಶ್ರಮಿಸುವುದೇ ಮದ್ದು. ಗಾಳಿ ತಂಪಾಗಿದ್ದರೂ ವಾಯುಪದರ ತೆಳುವಾದ್ದರಿಂದ ಬಿಸಿಲು ಚರ್ಮವನ್ನು ಸುಡುತ್ತದೆ, ಟೋಪಿ ಅವಶ್ಯಕ. ಇನ್ನೊಂದು ವಿಶೇಷವುಂಟು: ಅಲ್ಲಿ ನೀರು ಸುಮಾರು 90 ಡಿಗ್ರಿಯಲ್ಲಿಯೇ ಕುದಿಯುತ್ತದೆ. ಆದುದರಿಂದ ಕಾಳು ಬೇಯಲು ಹೆಚ್ಚು ಹೊತ್ತು ಹಿಡಿಯುತ್ತದೆ. ವಿಜ್ಞಾನದ ತರಗತಿಯಲ್ಲಿ ಬಾಯಿಪಾಠ ಮಾಡಿದ ನಿಯಮವನ್ನು ಅಲ್ಲಿಯ ಗೃಹಿಣಿಯರು ದಿನವೂ ಒಲೆಯ ಮುಂದೆ ನೋಡುತ್ತಾರೆ.

ಇನ್ನು ನಗರ ದರ್ಶನಕ್ಕೆ ಬರೋಣ. 1534ರಲ್ಲಿ ಸ್ಪೇನಿನವರು ಇಂಕಾ ಜನರ ಪಟ್ಟಣವೊಂದಿದ್ದ ನೆಲದ ಮೇಲೆ ಈ ನಗರವನ್ನು ಸ್ಥಾಪಿಸಿದರು. 1978ರಲ್ಲಿ ಯುನೆಸ್ಕೋ ಸಂಸ್ಥೆ ವಿಶ್ವಪರಂಪರೆಯ ತಾಣಗಳ ಮೊಟ್ಟಮೊದಲ ಪಟ್ಟಿಯನ್ನು ಪ್ರಕಟಿಸಿದಾಗ ಅದರಲ್ಲಿದ್ದ ಹನ್ನೆರಡು ತಾಣಗಳಲ್ಲಿ ಕ್ವಿಟೋದ ಹಳೆಯ ನಗರವೂ ಒಂದು. ಈ ಹಳೆಯ ನಗರವನ್ನು ನೋಡಲು ಬೇಕಾದುದು ಎರಡು ಕಾಲುಗಳು ಮಾತ್ರ. ನಡುವೆ ಸ್ವಾತಂತ್ರ್ಯ ಚೌಕ. ಅದರ ಸುತ್ತ ಅಧ್ಯಕ್ಷರ ಅರಮನೆ, ಕೆಥೀಡ್ರಲ್, ಕಲ್ಲುಹಾಸಿನ ಇಕ್ಕಟ್ಟಾದ ಬೀದಿಗಳು. ಚೌಕದ ಬೆಂಚಿನ ಮೇಲೆ ಕುಳಿತು ಬೂಟು ಉಜ್ಜುವವರನ್ನೂ ಪತ್ರಿಕೆ ಓದುವ ಮುದುಕರನ್ನೂ ನೋಡುವುದಕ್ಕೆ ಟಿಕೇಟಿಲ್ಲ.

ಸಮೀಪದಲ್ಲಿಯೇ ಜೆಸೂಯಿಟರ ‘ಲಾ ಕೊಂಪಾನ್ಯಾ’ ಇಗರ್ಜಿಯಿದೆ. 1605ರಲ್ಲಿ ಆರಂಭವಾದ ಅದರ ಕೆಲಸ ಮುಗಿದುದು 1765ರಲ್ಲಿ. ಒಳಗಿನ ಮರದ ಕೆತ್ತನೆಯೆಲ್ಲ ಚಿನ್ನದ ತಗಡಿನಿಂದ ಹೊದಿಸಲ್ಪಟ್ಟಿದೆ. ಅಲ್ಲಿ ಪ್ರವೇಶಶುಲ್ಕವುಂಟು, ಉಳಿಸಿದ ಹಣವನ್ನು ವ್ಯಯಿಸಲು ಅದು ಯೋಗ್ಯವಾದ ಸ್ಥಳ.

ಸ್ಯಾನ್ ಫ್ರಾನ್ಸಿಸ್ಕೋ ಇಗರ್ಜಿಯ ವಿಶಾಲ ಅಂಗಳದ ಬಗ್ಗೆ ಜನ ಒಂದು ಕಥೆ ಹೇಳುತ್ತಾರೆ. ಅದನ್ನು ಕಟ್ಟಲು ಒಪ್ಪಿಕೊಂಡ ಕಂತೂನ್ಯ ಎಂಬ ಮೂಲನಿವಾಸಿಗೆ ಅವಧಿಯೊಳಗೆ ಕೆಲಸ ಮುಗಿಸಲಾಗಲಿಲ್ಲ. ಅವನು ಸೈತಾನನಿಗೆ ತನ್ನ ಆತ್ಮವನ್ನೇ ಒತ್ತೆಯಿಟ್ಟು, ಬೆಳಗಾಗುವುದರೊಳಗೆ ಕೊನೆಯ ಕಲ್ಲಿನವರೆಗೂ ಕಟ್ಟಿಕೊಡಬೇಕೆಂದು ಕರಾರು ಮಾಡಿಕೊಂಡನಂತೆ. ಬೆಳಗಾದಾಗ ಒಂದೇ ಒಂದು ಕಲ್ಲು ಕಡಿಮೆಯಿತ್ತು. ಆ ಒಂದು ಕಲ್ಲು ಕಂತೂನ್ಯನ ಆತ್ಮವನ್ನು ಉಳಿಸಿತು. ಇದು ಕೇವಲ ಕಟ್ಟುಕಥೆಯಿರಬಹುದು. ಆದರೆ ಆ ಭವ್ಯ ಕಟ್ಟಡಗಳಿಗಾಗಿ ಬೆನ್ನು ಬಾಗಿಸಿದವರು ಯಾರೆಂಬುದನ್ನು ಜನ ಮರೆತಿಲ್ಲವೆಂಬುದಕ್ಕೆ ಈ ಕಥೆಯೇ ಸಾಕ್ಷಿ.

‘ಬಸಿಲಿಕಾ’ ಎಂಬ ಇನ್ನೊಂದು ದೊಡ್ಡ ಇಗರ್ಜಿಯ ಹೊರಗೋಡೆಯಲ್ಲಿ ಯುರೋಪಿನ ರೂಢಿಯ ರಾಕ್ಷಸ ಮುಖಗಳಿಗೆ ಬದಲಾಗಿ ಆಮೆ, ಇಗ್ವಾನ ಮುಂತಾದ ಸ್ವದೇಶದ ಪ್ರಾಣಿಗಳನ್ನೇ ಕೆತ್ತಿದ್ದಾರೆ. ಬೀದಿಯಲ್ಲಿ ನಿಂತು ತಲೆಯೆತ್ತಿದರೆ ಸಾಕು, ಕಾಣುತ್ತವೆ.

ನಗರದಿಂದ ಸುಮಾರು 25 ಕಿಲೋಮೀಟರ್ ಉತ್ತರಕ್ಕೆ ಭೂಮಧ್ಯರೇಖೆಯ ಸ್ಮಾರಕವಿದೆ. ಸಾಮಾನ್ಯ ಬಸ್ಸಿನಲ್ಲಿಯೇ ಹೋಗಬಹುದು. ಇದರ ಹಿನ್ನೆಲೆ ಸ್ವಾರಸ್ಯಕರವಾಗಿದೆ. ಭೂಮಿ ಧ್ರುವಗಳಲ್ಲಿ ಚಪ್ಪಟೆಯೋ ಅಥವಾ ನೀಳವೋ ಎಂಬ ವಿವಾದ ಯುರೋಪಿನ ಪಂಡಿತರಲ್ಲಿ ಎದ್ದಿತ್ತು. ಅದನ್ನು ಬಗೆಹರಿಸಲು ಲಾ ಕೊಂಡಮಿನ್, ಬುಗೇರ್, ಗೊದೇನ್ ಮೊದಲಾದ ಫ್ರೆಂಚ್ ವಿದ್ವಾಂಸರು 1736ರಲ್ಲಿ ಕ್ವಿಟೋಗೆ ಬಂದು, ವರ್ಷಗಟ್ಟಲೆ ಬೆಟ್ಟಗಳನ್ನು ಹತ್ತಿಳಿದು ಅಕ್ಷಾಂಶದ ಒಂದು ಡಿಗ್ರಿಯ ಉದ್ದವನ್ನು ಅಳೆದರು. ಉತ್ತರದ ಲ್ಯಾಪ್‌ಲೆಂಡಿನಲ್ಲಿ ಇನ್ನೊಂದು ತಂಡ ಅಳೆದ ಡಿಗ್ರಿ ಇದಕ್ಕಿಂತ ಉದ್ದವಾಗಿತ್ತು. ಭೂಮಿ ಧ್ರುವಗಳಲ್ಲಿ ಚಪ್ಪಟೆಯೆಂದ ನ್ಯೂಟನ್ನನ ಮಾತು ಗೆದ್ದಿತು. 1830ರಲ್ಲಿ ಪ್ರತ್ಯೇಕವಾದ ಈ ದೇಶವು ಭೂಮಧ್ಯರೇಖೆಯ ಹೆಸರನ್ನೇ ತನ್ನ ಹೆಸರಾಗಿಸಿಕೊಂಡಿತು. ಇದೇ ಬಗೆಯ ಭೂಮಾಪನಕ್ಕಾಗಿ 1800ರಲ್ಲಿ ಲ್ಯಾಂಬ್ಟನ್ ನಮ್ಮ ಬೆಂಗಳೂರಿನ ಬಳಿಯೂ ಆಧಾರರೇಖೆಯನ್ನು ಅಳೆದನೆಂಬುದನ್ನು ನಾವು ನೆನೆಯಬಹುದು.

ತಮಾಷೆಯೆಂದರೆ, 30 ಮೀಟರ್ ಎತ್ತರದ ಆ ಸ್ಮಾರಕ ನಿಜವಾದ ರೇಖೆಯ ಮೇಲಿಲ್ಲ! ಉಪಗ್ರಹಗಳ ನೆರವಿನಿಂದ ಅಳೆದಾಗ ರೇಖೆಯು ಸುಮಾರು 240 ಮೀಟರ್ ಉತ್ತರಕ್ಕಿದೆಯೆಂದು ತಿಳಿದುಬಂದಿದೆ. ರೇಖೆಯ ಆಚೆ ಈಚೆ ತೊಟ್ಟಿಯ ನೀರು ಬೇರೆ ಬೇರೆ ದಿಕ್ಕಿಗೆ ಸುತ್ತುತ್ತದೆಂದು ಪ್ರವಾಸಿಗರಿಗೆ ತೋರಿಸುವುದುಂಟು. ಅದು ಕೇವಲ ಕೈಚಳಕ. ಭೂಭ್ರಮಣದ ಪರಿಣಾಮ ಅಷ್ಟು ಚಿಕ್ಕ ತೊಟ್ಟಿಯಲ್ಲಿ ಕಾಣಿಸುವುದಿಲ್ಲ. ಬದಲಾಗಿ ಮಾರ್ಚ್ ಅಥವಾ ಸೆಪ್ಟೆಂಬರ್ ತಿಂಗಳ ವಿಷುವದ ಮಧ್ಯಾಹ್ನ ಒಂದು ಕೋಲನ್ನು ನೆಟ್ಟಗೆ ನಿಲ್ಲಿಸಿದರೆ ಅದರ ನೆರಳು ಬುಡದಲ್ಲಿಯೇ ಅಡಗುವುದನ್ನು ಬಿಟ್ಟಿಯಾಗಿ ನೋಡಬಹುದು. ಬೆಂಗಳೂರಿನಲ್ಲಿಯೂ ಏಪ್ರಿಲ್ ಕೊನೆಯಲ್ಲಿ ಮತ್ತು ಆಗಸ್ಟ್ ನಡುವೆ ಈ ನೋಟ ಲಭ್ಯ.

ಸಂಚಾರ ಹಾಗೂ ಊಟಗಳ ಬಗ್ಗೆ ಎರಡು ಮಾತು. 2000ದಿಂದ ಅಲ್ಲಿ ಅಮೆರಿಕದ ಡಾಲರೇ ಚಲಾವಣೆಯ ನಾಣ್ಯ. 2023ರ ಡಿಸೆಂಬರಿನಲ್ಲಿ ಮೆಟ್ರೋ ರೈಲು ಆರಂಭವಾದಾಗ ಅದರ ದರ 45 ಸೆಂಟ್. ಮಧ್ಯಾಹ್ನ ಮಾರುಕಟ್ಟೆಗಳಲ್ಲಿ ಸಾರು, ಅನ್ನ, ಮಾಂಸದ ಪದಾರ್ಥ, ಹಣ್ಣಿನ ರಸ ಸೇರಿದ ಊಟ ಕೆಲವೇ ಡಾಲರುಗಳಿಗೆ ಸಿಕ್ಕುತ್ತದೆ. ಸಸ್ಯಾಹಾರಿಗಳು ಆಲೂಗೆಡ್ಡೆ ಮತ್ತು ಗಿಣ್ಣಿನ ‘ಲೋಕ್ರೋ’ ಎಂಬ ಗಟ್ಟಿಸಾರನ್ನು ವಿಚಾರಿಸಿ ತೆಗೆದುಕೊಳ್ಳಬಹುದು. ನಮ್ಮ ಹಾಸನದ ರೈತರು ಬೆಳೆಯುವ ಆಲೂಗೆಡ್ಡೆಯ ತವರು ಇದೇ ಆಂಡಿಸ್ ಪರ್ವತವಷ್ಟೆ! ಮೂರನೆಯ ದಿನ, ದೇಹ ಒಗ್ಗಿದ ಮೇಲೆ, ತೂಗುತೊಟ್ಟಿಲಿನ ರೈಲಿನಲ್ಲಿ ಪಿಚಿಂಚದ ಮೇಲೆ 3,900 ಮೀಟರಿಗೂ ಹೆಚ್ಚಿನ ಎತ್ತರಕ್ಕೆ ಏರಬಹುದು. ಆದರೆ ಮಿತವ್ಯಯವೆಂದರೆ ಅಜಾಗರೂಕತೆಯಲ್ಲ. 2024ರ ಜನವರಿಯಲ್ಲಿ ದರೋಡೆಕೋರ ತಂಡಗಳ ಹಾವಳಿಯಿಂದ ಸರ್ಕಾರ ತುರ್ತುಪರಿಸ್ಥಿತಿ ಘೋಷಿಸಬೇಕಾಯಿತು. ಹೊರಡುವ ಮುನ್ನ ಪರಿಸ್ಥಿತಿಯನ್ನು ವಿಚಾರಿಸಬೇಕು. ಪನೆಸಿಯೊ ಗುಡ್ಡಕ್ಕೆ ಒಬ್ಬರೇ ಕಾಲ್ನಡಿಗೆಯಲ್ಲಿ ಏರದೆ ವಾಹನದಲ್ಲಿ ಹೋಗಬೇಕು. ಕತ್ತಲಾದ ಮೇಲೆ ನಿರ್ಜನ ಬೀದಿಗಳನ್ನು ಬಿಡಬೇಕು.

ಕೊನೆಗೆ ನೋಡಲೇಬೇಕಾದುದು ಚಿತ್ರಕಾರ ಗ್ವಾಯಸಮೀನನ ‘ಮಾನವನ ಮಂದಿರ’. ಮೂಲನಿವಾಸಿ ತಂದೆಯ ಮಗನಾಗಿ, ಹತ್ತು ಮಕ್ಕಳಲ್ಲಿ ಹಿರಿಯನಾಗಿ 1919ರಲ್ಲಿ ಕ್ವಿಟೋದಲ್ಲಿ ಹುಟ್ಟಿದ ಈತ ದೀನದಲಿತರ ದುಃಖವನ್ನೇ ಜೀವಮಾನವಿಡೀ ಚಿತ್ರಿಸಿದ. ಆತ 1999ರಲ್ಲಿ ತೀರಿಕೊಂಡ; ಮಂದಿರ 2002ರಲ್ಲಿ ತೆರೆಯಿತು. ಚಿನ್ನದ ಇಗರ್ಜಿಯನ್ನು ನೋಡಿದವನು ಇದನ್ನು ನೋಡದಿದ್ದರೆ ನಗರದ ಅರ್ಧವನ್ನು ಮಾತ್ರ ಕಂಡಂತೆ.

ನಮ್ಮ ಮನೆಯಲ್ಲಿ ಪದವಿ ತರಗತಿಯ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ನಮ್ಮವರಿಗೆ ಪ್ರವಾಸವೆಂದರೆ ಜಾತ್ರೆ, ಇಲ್ಲವೆ ನೆಂಟರ ಮದುವೆ. ಅಷ್ಟು ದೂರದ ವಿಮಾನದ ದರವನ್ನು ಯಾವ ಜಾಣ್ಮೆಯೂ ಅಗ್ಗ ಮಾಡಲಾರದೆಂಬುದನ್ನು ನಾನು ಬಲ್ಲೆ. ಆದರೆ ಊರು ಮುಟ್ಟಿದ ಮೇಲೆ ಹಣವುಳ್ಳವನೂ ಇಲ್ಲದವನೂ ಒಂದೇ ಚೌಕದಲ್ಲಿ ನಿಲ್ಲುತ್ತಾರೆ. ಕಾಣುವುದು ಅವರವರು ತಂದ ತಿಳಿವಿನಷ್ಟೆ. ಆ ತಿಳಿವನ್ನು ಗಳಿಸಲು ನಮ್ಮ ಕಾಲೇಜಿನ ಗ್ರಂಥಾಲಯ ನಮ್ಮಿಂದ ಶುಲ್ಕ ಕೇಳುವುದಿಲ್ಲ. ಸಹಪಾಠಿಗಳೇ, ಪ್ರಯಾಣದ ಮೊದಲ ಸಿದ್ಧತೆಯನ್ನು ಅಲ್ಲಿಂದಲೇ ಆರಂಭಿಸೋಣ. ಟಿಕೇಟಿನ ಮಾತು ಆಮೇಲೆ.