ಬಾಡಿಗೆಯ ಕಣಜ: ಬೇಡಿಕೆ ಒಬ್ಬರದು, ಭಾರ ನೆರೆಯವರದು

ಸುಗ್ಗಿಯ ಜೋಳವನ್ನು ಗೃಹಸ್ಥನು ತನ್ನ ಹಗೇವಿನಲ್ಲಿ ತುಂಬಿಡುತ್ತಿದ್ದ ಕಾಲವನ್ನು ನಾವು ಕಂಡಿದ್ದೇವೆ. ಹಗೇವು ಇಲ್ಲದವನು ಪೇಟೆಯ ಗೋದಾಮಿನಲ್ಲಿ ಜಾಗ ಹಿಡಿಯುತ್ತಿದ್ದನು. ಮೂಟೆ ಅವನದು; ಮಾಡು, ಗೋಡೆ, ಕಾವಲು ಗೋದಾಮಿನ ಒಡೆಯನದು. ಇಂದು ಬ್ಯಾಂಕುಗಳೂ ಆಸ್ಪತ್ರೆಗಳೂ ವ್ಯಾಪಾರ ಸಂಸ್ಥೆಗಳೂ ತಮ್ಮ ಮಾಹಿತಿಯನ್ನು ಕಾಪಿಡುವ ಬಗೆಯೊಂದು ಇದನ್ನೇ ಹೋಲುತ್ತದೆ. ಸರ್ವರ್ ಎಂಬ ಗಣಕಯಂತ್ರಗಳು ಬಾಡಿಗೆದಾರನವು. ಕಟ್ಟಡ, ವಿದ್ಯುತ್ತು, ತಂಪು, ಕಾವಲು ಡೇಟಾ ಸೆಂಟರಿನ ಒಡೆಯನವು. ಈ ವ್ಯವಸ್ಥೆಗೆ ಕೋಲೊಕೇಶನ್ ಎಂದು ಹೆಸರು.

ಆದರೆ ಒಂದು ಭೇದವನ್ನು ವಾಚಕ ಬಂಧುಗಳು ಗಮನಿಸಬೇಕು. ಗೋದಾಮನ್ನು ಉದ್ದಗಲಗಳಿಂದ ಅಳೆಯುವರು; ಈ ಕಣಜವನ್ನು ಮುಖ್ಯವಾಗಿ ವಿದ್ಯುತ್ತಿನಿಂದ, ಕಿಲೋವಾಟ್ ಮೆಗಾವಾಟ್‌ಗಳಲ್ಲಿ ಅಳೆಯುವರು. ಯಂತ್ರಗಳು ಹಗಲಿರುಳು ದುಡಿಯಬೇಕು. ಅವುಗಳ ಕಾವನ್ನು ತಣಿಸಬೇಕು. ಅನೇಕ ಕಡೆ ತಣಿಸಲು ನೀರೂ ಬೇಕು. ಬೇಡಿಕೆ ಕೆಲವೇ ತಿಂಗಳಲ್ಲಿ ಉಕ್ಕಬಹುದು. ಕಟ್ಟಡಕ್ಕೂ ವಿದ್ಯುತ್ ಉಪಕೇಂದ್ರಕ್ಕೂ ವರ್ಷಗಳೇ ಹಿಡಿಯುತ್ತವೆ. ಪೂರೈಕೆ ಸದಾ ಹಿಂದೆ ಬೀಳುವುದಕ್ಕೆ ಕಾರಣ ಇದೇ.

ಇದಕ್ಕೆ ಸಿಂಗಪುರವೇ ನಿದರ್ಶನ. ಸಮುದ್ರತಳದ ಅನೇಕ ಕೇಬಲ್ಲುಗಳು ಬಂದು ಸೇರುವ ಆ ಪುಟ್ಟ ನಗರರಾಷ್ಟ್ರದಲ್ಲಿ ಜಾಗ ಬೇಡುವವರಿಗೆ ಕೊನೆಯಿರಲಿಲ್ಲ. 2020ರಲ್ಲಿ ಅಲ್ಲಿನ ಒಟ್ಟು ವಿದ್ಯುತ್ತಿನಲ್ಲಿ ಸುಮಾರು ಶೇಕಡಾ 7 ಭಾಗ ಡೇಟಾ ಸೆಂಟರುಗಳಿಗೇ ಸಂದಿತು. ಭೂಮಿಯೂ ವಿದ್ಯುತ್ತೂ ಮಿತವೆಂದು ಅರಿತ ಸರ್ಕಾರವು 2019ರಲ್ಲಿಯೇ ಹೊಸ ಕೇಂದ್ರಗಳಿಗೆ ತಡೆ ಹಾಕಿತ್ತು. 2022ರಲ್ಲಿ ಆ ತಡೆಯನ್ನು ಸಡಿಲಿಸಿದರೂ, 2023ರ ಜುಲೈನಲ್ಲಿ ಆರಿಸಿದ್ದು ನಾಲ್ಕು ಪ್ರಸ್ತಾವಗಳನ್ನು ಮಾತ್ರ. ಅವೆಲ್ಲ ಸೇರಿ ಸುಮಾರು 80 ಮೆಗಾವಾಟ್. ಖಾಲಿ ಜಾಗ ಅಪರೂಪವಾಯಿತು, ಬಾಡಿಗೆ ಏರಿತು.

ಬಾಗಿಲು ಮುಚ್ಚಿದ ಮಾತ್ರಕ್ಕೆ ಬೇಡಿಕೆ ಅಡಗಿತೆ? ಇಲ್ಲ; ಅದು ನೆರೆಮನೆಯ ಕದ ತಟ್ಟಿತು. 1924ರಲ್ಲಿ ತೆರೆದ, ಒಂದು ಕಿಲೋಮೀಟರಿಗಿಂತ ತುಸುವೇ ಉದ್ದವಾದ ಸೇತುದಾರಿಯ ಆಚೆ ಮಲೇಷಿಯದ ಜೋಹೋರ್ ರಾಜ್ಯವಿದೆ. ಅಲ್ಲಿ ಭೂಮಿ ಅಗ್ಗ, ವಿದ್ಯುತ್ತೂ ದೊರೆಯುತ್ತಿತ್ತು. ಸೆಡೆನಾಕ್, ನುಸಜಯ ಮುಂತಾದೆಡೆಗಳಲ್ಲಿ ಡೇಟಾ ಸೆಂಟರುಗಳು ಒಂದರ ಹಿಂದೊಂದು ಎದ್ದವು. ಕೃತಕ ಬುದ್ಧಿಮತ್ತೆಯ ಅಬ್ಬರವು ಈ ವೇಗವನ್ನು ಇನ್ನಷ್ಟು ಹೆಚ್ಚಿಸಿತು.

ಇಲ್ಲಿ ನಾವು ನೀರಿನ ಕಡೆ ದೃಷ್ಟಿ ಹರಿಸಬೇಕು. 1962ರ ಒಪ್ಪಂದದಂತೆ ಸಿಂಗಪುರವು ಜೋಹೋರ್ ನದಿಯಿಂದ ದಿನಕ್ಕೆ 25 ಕೋಟಿ ಗ್ಯಾಲನ್‌ವರೆಗೆ ನೀರು ಪಡೆಯಬಹುದು; ಆ ಒಪ್ಪಂದ 2061ರವರೆಗೆ ಇದೆ. ಈಗ ಅದೇ ರಾಜ್ಯದ ನೀರಿಗೆ ಈ ಯಂತ್ರಾಲಯಗಳೂ ಕೈಯೊಡ್ಡಿವೆ. 2024ರಲ್ಲಿ ಜೋಹೋರ್ ಸರ್ಕಾರವು ಅರ್ಜಿಗಳನ್ನು ಪರಿಶೀಲಿಸಲು ಸಮಿತಿಯೊಂದನ್ನು ರಚಿಸಿ, ಕೆಲವನ್ನು ತಿರಸ್ಕರಿಸಿದ್ದು ಈ ಆತಂಕದ ದೆಸೆಯಿಂದಲೇ.

ನಾವು ಈ ಉದ್ಯಮವನ್ನು ದೂಷಿಸುತ್ತಿಲ್ಲ. ದೂರದೇಶದಲ್ಲಿರುವ ಮಗನು ತಾಯಿಗೆ ಹಣ ಕಳುಹಿಸುವುದೂ ಮೊಮ್ಮಗುವಿನ ತೊಟ್ಟಿಲ ಚಿತ್ರವು ಅಜ್ಜಿಯ ಕೈಗೆ ತಲುಪುವುದೂ ಇಂತಹ ಯಂತ್ರಗಳ ಮೂಲಕವೇ. ಆದರೆ ಬಾಡಿಗೆಯ ಚೀಟಿಯಲ್ಲಿ ಕಾಣುವ ಬೆಲೆಯೇ ಪೂರ್ಣ ಬೆಲೆಯಲ್ಲ. ಉಳಿದದ್ದನ್ನು ಕಣಜದ ನೆರೆಯ ಊರು ತೆರುತ್ತದೆ. ಆದಕಾರಣ ಹೊಸ ಕೇಂದ್ರಕ್ಕೆ ಅನುಮತಿ ನೀಡುವ ಯಾವ ಸರ್ಕಾರವೇ ಆಗಲಿ, ಎಷ್ಟು ಬಂಡವಾಳ ಬರುವುದೆಂದು ಕೇಳುವ ಮೊದಲು, ಎಷ್ಟು ನೀರು, ಎಷ್ಟು ವಿದ್ಯುತ್ತು, ಯಾರ ಪಾಲಿನಿಂದ ಎಂದು ಕೇಳಲಿ. ತುಂಬುವ ಮುನ್ನ ಹಗೇವಿನ ಆಳವನ್ನು ನೋಡುತ್ತಿದ್ದ ನಮ್ಮ ಹಿರಿಯರ ಎಚ್ಚರವು ಇಲ್ಲಿಯೂ ಸಲ್ಲುತ್ತದೆ.