ಸೋರುವ ನಲ್ಲಿ: ರಿಪೇರಿಯೋ, ಬದಲಾವಣೆಯೋ?

ಬಚ್ಚಲುಮನೆಯ ನಲ್ಲಿಯೊಂದು ತೊಟ್ಟಿಕ್ಕುತ್ತಿದೆ ಎಂಬುದು ವಿದ್ಯಾವಂತರಾದ ಕೇಳುಗರ ಮುಂದೆ ಕಾಲು ಗಂಟೆ ಮಾತನಾಡತಕ್ಕಷ್ಟು ದೊಡ್ಡ ವಿಷಯವೇ ಎಂದು ಕೆಲವರಿಗೆ ಸಂಶಯ ಬರಬಹುದು. ಗಡಿಯಾರ ನಿಂತರೆ ಅಂದೇ ಅಂಗಡಿಗೆ ಕೊಂಡೊಯ್ಯುತ್ತೇವೆ. ದೀಪ ಆರಿದರೆ ಆ ಗಳಿಗೆಯಲ್ಲಿಯೇ ಕಾರಣವನ್ನು ವಿಚಾರಿಸುತ್ತೇವೆ. ನಲ್ಲಿ ಸೋರಿದರೆ ಮಾತ್ರ ಅದರ ಕೆಳಗೆ ಒಂದು ಬಕೆಟ್ಟನ್ನಿಟ್ಟು, ಹಿಡಿಯನ್ನು ಇನ್ನಷ್ಟು ಬಿಗಿಯಾಗಿ ತಿರುಗಿಸಿ, ಮರೆತುಬಿಡುತ್ತೇವೆ. ತಿಂಗಳು ಕಳೆದ ಮೇಲೆ ಕೊಳಾಯಿ ಕೆಲಸದವರನ್ನು ಕರೆಸಿದಾಗ ಪ್ರಶ್ನೆಯೊಂದು ಏಳುತ್ತದೆ: ಇದನ್ನು ರಿಪೇರಿ ಮಾಡಿಸುವುದೋ, ಕಿತ್ತು ಹೊಸದನ್ನು ಹಾಕಿಸುವುದೋ? ಆ ಪ್ರಶ್ನೆಗೆ ಉತ್ತರ ಹೇಳಬೇಕಾದವರು ಮನೆಯವರು. ಆದರೆ ನಲ್ಲಿಯ ಒಳಗೆ ಏನಿದೆಯೆಂಬುದನ್ನು ತಿಳಿಯದ ನಾವು, ತೀರ್ಮಾನದ ಭಾರವನ್ನೂ ಬಂದವರಿಗೇ ಒಪ್ಪಿಸಿಬಿಡುತ್ತೇವೆ.

ಹಾಗೆ ಒಪ್ಪಿಸಿದುದರ ಫಲವನ್ನು ನಾನು ಒಮ್ಮೆ ಅನುಭವಿಸಿದ್ದೇನೆ. ಬೆಂಗಳೂರಿನ ಹಳೆಯ ಬಡಾವಣೆಯೊಂದರಲ್ಲಿರುವ ನಮ್ಮ ಮನೆಯ ಬಚ್ಚಲಿನ ನಲ್ಲಿ ಸೋರಲಾರಂಭಿಸಿದಾಗ, ಹಳೆಯದರ ಗೋಜೇ ಬೇಡ, ಹೊಸದನ್ನೇ ಹಾಕಿಬಿಡಿ ಎಂದು ಅಪ್ಪಣೆ ಕೊಟ್ಟೆ. ಹಳೆಯ ನಲ್ಲಿಯನ್ನು ತಿರುಗಿಸುವಾಗ, ಗೋಡೆಯೊಳಗೆ ತುಕ್ಕು ಹಿಡಿದಿದ್ದ ಕಬ್ಬಿಣದ ಕೊಳವೆಯ ತುದಿಯೂ ಅದರೊಡನೆ ಮುರಿದುಬಂದಿತು. ಗೋಡೆಯನ್ನು ಒಡೆದುದಾಯಿತು, ಎರಡು ದಿನ ನೆರೆಮನೆಯಿಂದ ನೀರು ಹೊತ್ತುದಾಯಿತು. ಎಲ್ಲವೂ ಮುಗಿದ ಮೇಲೆ, ಮೂಲೆಯಲ್ಲಿ ಬಿದ್ದಿದ್ದ ಹಳೆಯ ನಲ್ಲಿಯನ್ನು ಕುತೂಹಲದಿಂದ ಬಿಚ್ಚಿ ನೋಡಿದೆನು. ಅದರ ಹಿತ್ತಾಳೆ ಗಟ್ಟಿಯಾಗಿಯೇ ಇತ್ತು, ತಿರುಪು ಸವೆದಿರಲಿಲ್ಲ. ಹರಿದಿದ್ದುದು ನಾಣ್ಯದಷ್ಟಗಲದ ಒಂದು ರಬ್ಬರಿನ ಬಿಲ್ಲೆ ಮಾತ್ರ. ತಪ್ಪು ಕೆಲಸದವನದಲ್ಲ; ನೋಡದೆಯೇ ತೀರ್ಪು ಕೊಟ್ಟವನು ನಾನು.

ಮೊದಲು, ಸೋರುವ ನೀರಿನ ಬೆಲೆಯನ್ನು ಅರಿತುಕೊಳ್ಳೋಣ. ಇದಕ್ಕೆ ಪುಸ್ತಕದ ಲೆಕ್ಕ ಬೇಕಾಗಿಲ್ಲ. ನಲ್ಲಿಯ ಬಾಯಿಯ ಕೆಳಗೆ ಒಂದು ಪಾತ್ರೆಯನ್ನಿಟ್ಟು, ಒಂದು ಗಂಟೆಯ ಅನಂತರ ಅಳೆದರೆ ಸಾಕು. ಗಂಟೆಗೆ ಒಂದು ಲೀಟರು ಸಂಗ್ರಹವಾದರೆ ದಿನಕ್ಕೆ 24 ಲೀಟರು, ವರ್ಷಕ್ಕೆ 8,760 ಲೀಟರು. ಹನಿಗೂಡಿದರೆ ಹಳ್ಳವೆಂಬ ಗಾದೆ ಇಲ್ಲಿ ಅಕ್ಷರಶಃ ಸತ್ಯ. ಬೆಂಗಳೂರಿನಲ್ಲಿ ಈ ನೀರು ಎಲ್ಲಿಂದ ಬರುತ್ತದೆಂಬುದನ್ನೂ ನೆನೆಯಬೇಕು. ಕೆರೆಬಾವಿಗಳನ್ನು ನಂಬಿದ್ದ ಊರಿಗೆ 19ನೆಯ ಶತಮಾನದ ಕೊನೆಯ ದಶಕದಲ್ಲಿ ಹೆಸರಘಟ್ಟದಿಂದಲೂ, 1930ರ ದಶಕದಲ್ಲಿ ತಿಪ್ಪಗೊಂಡನಹಳ್ಳಿಯಿಂದಲೂ ಅರ್ಕಾವತಿಯ ನೀರು ಬಂದಿತು. ಅದು ಸಾಲದೆ 1974ರಲ್ಲಿ ಕಾವೇರಿಯನ್ನು ತಂದರು. ಸುಮಾರು 100 ಕಿಲೋಮೀಟರು ದೂರದ ತೊರೆಕಾಡನಹಳ್ಳಿಯಿಂದ ಹೊರಟ ಆ ನೀರನ್ನು ಮೂರು ಹಂತಗಳಲ್ಲಿ ಪಂಪುಗಳು ಸುಮಾರು 500 ಮೀಟರು ಮೇಲಕ್ಕೆತ್ತಿ ತರುತ್ತವೆ. ನಾವು ಲೆಕ್ಕಹಾಕಿದ 8,760 ಲೀಟರನ್ನು ಅಷ್ಟು ಎತ್ತರಕ್ಕೇರಿಸಲು, ಯಂತ್ರಗಳಲ್ಲಾಗುವ ನಷ್ಟವನ್ನು ಬಿಟ್ಟರೂ, ಸುಮಾರು 12 ಯೂನಿಟ್ ವಿದ್ಯುತ್ತು ಬೇಕು. 2024ರ ಬೇಸಿಗೆಯಲ್ಲಿ ನಗರದ ಅನೇಕ ಕಡೆ ಕೊಳವೆಬಾವಿಗಳು ಬತ್ತಿ, ಜನರು ಟ್ಯಾಂಕರಿನ ದಾರಿ ಕಾಯಬೇಕಾಯಿತು. ಆದುದರಿಂದ ರಿಪೇರಿಯೋ ಬದಲಾವಣೆಯೋ ಎಂಬ ಚರ್ಚೆಗೆ ಅವಕಾಶವುಂಟು. ಹಾಗೆಯೇ ಬಿಡುವುದು ಮಾತ್ರ ಮೂರನೆಯ ಮಾರ್ಗವಾಗಲಾರದು.

ಇನ್ನು ನಲ್ಲಿಯ ಅಂತರಂಗಕ್ಕೆ ಬರೋಣ. ನಮ್ಮ ಮನೆಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವುದು ತಿರುಪಿನ ನಲ್ಲಿ. ಇದರ ಒಳಗೆ ನೀರು ಬರುವ ದಾರಿಯಲ್ಲಿ ಹಿತ್ತಾಳೆಯದೇ ಆದ ಒಂದು ದುಂಡನೆಯ ಬಳೆಯಿದೆ. ಇದನ್ನು ಪೀಠವೆಂದು ಕರೆಯೋಣ. ಹಿಡಿಯನ್ನು ತಿರುಗಿಸಿದಾಗ ಸ್ಪಿಂಡಲ್ ಎಂಬ ತಿರುಪಿನ ದಂಡವು ಕೆಳಗಿಳಿದು, ತನ್ನ ತುದಿಯಲ್ಲಿರುವ ವಾಷರನ್ನು ಆ ಪೀಠದ ಮೇಲೆ ಒತ್ತುತ್ತದೆ, ದಾರಿ ಮುಚ್ಚುತ್ತದೆ. ಒಂದು ಪಕ್ಷದಲ್ಲಿ ಲೋಹ, ಇನ್ನೊಂದು ಪಕ್ಷದಲ್ಲಿ ಮೆತ್ತನೆಯ ರಬ್ಬರು. ಲೋಹವು ಲೋಹವನ್ನೇ ಒತ್ತಿದರೆ ಎರಡೂ ಸವೆಯುತ್ತವೆ. ಅದನ್ನು ತಪ್ಪಿಸುವುದಕ್ಕಾಗಿಯೇ ನಡುವೆ ವಾಷರನ್ನಿಟ್ಟಿರುವುದು. ಹಿಂದೆ ತಣ್ಣೀರಿನ ನಲ್ಲಿಗೆ ಚರ್ಮದ ವಾಷರನ್ನೂ ಬಿಸಿನೀರಿನ ನಲ್ಲಿಗೆ ನಾರಿನ ವಾಷರನ್ನೂ ಹಾಕುತ್ತಿದ್ದರು. ವಸ್ತು ಯಾವುದಾದರೂ ತತ್ತ್ವ ಒಂದೇ: ಸವೆಯತಕ್ಕ ಭಾಗವನ್ನು ಅಗ್ಗವಾಗಿಯೂ ಬದಲಾಯಿಸಲು ಸುಲಭವಾಗಿಯೂ ಮಾಡಿ, ಉಳಿದ ನಲ್ಲಿಯನ್ನು ಕಾಪಾಡುವುದು. ವಾಷರು ಹರಿದರೆ ನಲ್ಲಿ ಕೆಟ್ಟಿತೆಂದು ಹೇಳುವುದು, ಮಸಿ ಮುಗಿದರೆ ಲೇಖನಿ ಕೆಟ್ಟಿತೆಂದಂತೆ.

ಆದರೆ ವಾಷರಿನ ದೋಷವನ್ನು ಬಹುದಿನ ಕಡೆಗಣಿಸಿದರೆ ಪೀಠಕ್ಕೂ ಅಪಾಯವುಂಟು. ಹರಿದ ವಾಷರಿನ ಕೆಳಗಿನ ಕಿರಿದಾದ ಸಂದಿನಲ್ಲಿ ನೀರು ಬಹು ವೇಗದಿಂದ ನುಗ್ಗುತ್ತದೆ. ತಿಂಗಳುಗಟ್ಟಲೆ ಹೀಗೆ ನುಗ್ಗಿದ ನೀರು ಹಿತ್ತಾಳೆಯನ್ನೇ ಕೊರೆದು ಸಣ್ಣ ಗೀರನ್ನು ಮಾಡಬಲ್ಲದು. ಆಮೇಲೆ ಎಷ್ಟು ಹೊಸ ವಾಷರುಗಳನ್ನು ಹಾಕಿದರೂ ಆ ಗೀರಿನಲ್ಲಿ ನೀರು ಒಸರುತ್ತಲೇ ಇರುತ್ತದೆ. ಸೋರಿಕೆ ನಿಲ್ಲಲೆಂದು ಹಿಡಿಯನ್ನು ಬಲವಾಗಿ ಅದುಮುವ ನಮ್ಮ ಅಭ್ಯಾಸವೂ ವಾಷರನ್ನು ಬೇಗ ಸೀಳುತ್ತದೆ. ಮೊದಲ ವಾರದಲ್ಲಿ ಅಲ್ಪ ವೆಚ್ಚದಲ್ಲಿ ಮುಗಿಯತಕ್ಕ ಕೆಲಸ, ಉದಾಸೀನದಿಂದ ಹೊಸ ನಲ್ಲಿಯ ಕ್ರಯಕ್ಕೆ ಏರುವುದು ಹೀಗೆ.

ಹಾಗಾದರೆ ತೀರ್ಮಾನ ಮಾಡುವುದು ಹೇಗೆ? ಮೊದಲನೆಯ ಪ್ರಶ್ನೆ: ನೀರು ಎಲ್ಲಿಂದ ಬರುತ್ತಿದೆ? ನಲ್ಲಿಯನ್ನು ಮುಚ್ಚಿದಾಗಲೂ ಬಾಯಿಯಿಂದ ಹನಿಯುತ್ತಿದ್ದರೆ ದೋಷ ವಾಷರಿನಲ್ಲಿ ಅಥವಾ ಪೀಠದಲ್ಲಿ. ತೆರೆದಾಗ ಮಾತ್ರ ಹಿಡಿಯ ಬುಡದಲ್ಲಿ ನೀರು ಒಸರಿದರೆ, ಸ್ಪಿಂಡಲಿನ ಸುತ್ತ ಬಿಗಿದಿರುವ ದಾರ ಅಥವಾ ರಬ್ಬರಿನ ಉಂಗುರ ಸವೆದಿದೆ. ಅದನ್ನು ಬದಲಾಯಿಸಿದರೆ ಸಾಕು. ಗೋಡೆಗೆ ಸೇರುವ ಕಡೆ ಒದ್ದೆಯಿದ್ದರೆ ನಲ್ಲಿ ನಿರ್ದೋಷಿ, ಜೋಡಣೆ ಸಡಿಲವಾಗಿದೆ. ಸ್ನಾನದ ತೊಟ್ಟಿಗೋ ಷವರಿಗೋ ಬಿಸಿನೀರು ತಣ್ಣೀರುಗಳನ್ನು ಬೆರೆಸಿ ಕೊಡುವ ಜೋಡಿ ನಲ್ಲಿಯಾದರೆ, ಯಾವ ಕಡೆಯ ದೋಷವೆಂಬುದನ್ನೂ ಕಂಡುಕೊಳ್ಳಬೇಕು. ಮೊದಲು ಗೀಸರಿನ ವಿದ್ಯುತ್ತನ್ನು ಆರಿಸಿ, ಅದಕ್ಕೆ ತಣ್ಣೀರು ಹೋಗುವ ದಾರಿಯ ವಾಲ್ವನ್ನು ಮುಚ್ಚಿ ಸ್ವಲ್ಪ ಹೊತ್ತು ಕಾಯುವುದು. ಹನಿ ನಿಂತರೆ ದೋಷ ಬಿಸಿನೀರಿನ ಕಡೆ, ನಿಲ್ಲದಿದ್ದರೆ ತಣ್ಣೀರಿನ ಕಡೆ. ಷವರನ್ನು ಮುಚ್ಚಿದ ಮೇಲೆ ಕೆಲವು ನಿಮಿಷ ಮಾತ್ರ ಹನಿದು ನಿಲ್ಲುವುದು ಸೋರಿಕೆಯಲ್ಲ; ಕೊಳವೆಯಲ್ಲಿ ಉಳಿದ ನೀರು ಇಳಿಯುತ್ತಿದೆಯಷ್ಟೆ.

ಎರಡನೆಯ ಪ್ರಶ್ನೆ: ನಲ್ಲಿ ಯಾವ ಜಾತಿಯದು? ಹಿಡಿಯನ್ನು ಎರಡು ಮೂರು ಸುತ್ತು ತಿರುಗಿಸಬೇಕಾದರೆ ಅದು ನಾನು ವರ್ಣಿಸಿದ ತಿರುಪಿನ ನಲ್ಲಿ. ಕಾಲು ಸುತ್ತಿನಲ್ಲಿಯೇ ಪೂರ್ಣವಾಗಿ ತೆರೆದು ಮುಚ್ಚುವಂತಿದ್ದರೆ, ಈಗಿನ ಮನೆಗಳಲ್ಲಿ ಹೆಚ್ಚಾಗಿ ಕಾಣುವ ಪಿಂಗಾಣಿ ಬಿಲ್ಲೆಗಳ ನಲ್ಲಿ. ಇದರಲ್ಲಿ ನುಣುಪಾಗಿ ಉಜ್ಜಿದ ಎರಡು ಗಟ್ಟಿ ಬಿಲ್ಲೆಗಳು ಒಂದರ ಮೇಲೊಂದು ಜಾರುತ್ತವೆ. ಅವುಗಳ ರಂಧ್ರಗಳು ಎದುರುಬದುರಾದಾಗ ನೀರು ಹರಿಯುತ್ತದೆ. ಬಿಲ್ಲೆಗಳು ಬಹುಕಾಲ ಬಾಳುತ್ತವೆಯಾದರೂ, ಮರಳಿನ ಕಣದಿಂದಲೋ ಗಡಸುನೀರಿನ ಸುಣ್ಣದ ಪೊರೆಯಿಂದಲೋ ಅವುಗಳ ನಡುವೆ ಸಂದು ಉಂಟಾಗಬಹುದು. ಕೊಳವೆಬಾವಿಯ ನೀರನ್ನು ಬಳಸುವ ಮನೆಗಳಲ್ಲಿ ಇದು ವಿರಳವಲ್ಲ. ಇಲ್ಲಿ ವಾಷರನ್ನಲ್ಲ, ಬಿಲ್ಲೆಗಳನ್ನೊಳಗೊಂಡ ಕಾರ್ಟ್ರಿಜ್ ಎಂಬ ಭಾಗವನ್ನು ಇಡಿಯಾಗಿ ಬದಲಾಯಿಸಬೇಕು. ಅದರ ಅಳತೆ, ತುದಿಯ ಹಲ್ಲುಗಳ ಸಂಖ್ಯೆ, ತಿರುಗುವ ದಿಕ್ಕು ಇವು ಒಂದೊಂದು ತಯಾರಿಕೆಗೆ ಒಂದೊಂದು ವಿಧ. ಹಳೆಯದನ್ನು ಕೈಯಲ್ಲಿ ಹಿಡಿದೇ ಅಂಗಡಿಗೆ ಹೋಗುವುದು ಜಾಣತನ. ತಕ್ಕ ಕಾರ್ಟ್ರಿಜ್ ದೊರೆತರೆ ರಿಪೇರಿ. ದೊರೆಯದಿದ್ದರೆ ಒಡಲು ಎಷ್ಟು ಹೊಳೆಯುತ್ತಿದ್ದರೂ ಬದಲಾವಣೆಯೇ ಗತಿ.

ಮೂರನೆಯ ಪ್ರಶ್ನೆ: ಸವೆದಿರುವುದು ಬದಲಾಯಿಸತಕ್ಕ ಭಾಗವೋ, ನಲ್ಲಿಯ ಒಡಲೋ? ಒಡಲಿನಲ್ಲಿ ಬಿರುಕು ಬಿಟ್ಟಿದ್ದರೆ, ಒಳಗಿನ ತಿರುಪು ಸವೆದು ಸ್ಪಿಂಡಲ್ ಹಿಡಿಯದೆ ಸುತ್ತುತ್ತಿದ್ದರೆ, ಹಳದಿ ಹಿತ್ತಾಳೆ ಅಲ್ಲಲ್ಲಿ ಕೆಂಪಾಗಿ ಪುಡಿಪುಡಿಯಾಗುತ್ತಿದ್ದರೆ ರಿಪೇರಿಗೆ ಹಣ ಹಾಕಬಾರದು. ಈ ಕೆಂಪು ಬಣ್ಣಕ್ಕೆ ಕಾರಣವುಂಟು: ಹಿತ್ತಾಳೆಯೆಂದರೆ ತಾಮ್ರ ಮತ್ತು ಸತುವಿನ ಮಿಶ್ರಣ; ಕೆಲವು ಬಗೆಯ ನೀರು ಸತುವನ್ನು ಮೆಲ್ಲಮೆಲ್ಲನೆ ಕರಗಿಸಿ ಒಯ್ಯುತ್ತದೆ; ಉಳಿಯುವುದು ಜಾಳಾದ, ಬಲಹೀನವಾದ ತಾಮ್ರ. ಹೊಸ ವಾಷರು ಹಾಕಿದರೂ ಮತ್ತೆಮತ್ತೆ ಸೋರುತ್ತಿದ್ದರೆ ಪೀಠವನ್ನು ಸಂಶಯಿಸಬೇಕು. ಬೆರಳನ್ನು ಮೆಲ್ಲನೆ ಆಡಿಸಿದರೆ ಗೀರು ತಾಕುತ್ತದೆ. ಪೀಠವನ್ನು ಉಜ್ಜಿ ಸಮಮಾಡುವ ಸಣ್ಣ ಉಪಕರಣವುಂಟು. ಅದನ್ನು ಬಲ್ಲವರಿಂದ ಒಮ್ಮೆ ಮಾಡಿಸಬಹುದು. ಅದರಿಂದಲೂ ಫಲ ಕಾಣದಿದ್ದರೆ ಹೊಸದನ್ನು ತರುವುದೇ ಮಿತವ್ಯಯ. ಪ್ಲಾಸ್ಟಿಕ್ಕಿನ ಅಗ್ಗದ ನಲ್ಲಿಗಳ ಒಡಲನ್ನು ರಿಪೇರಿ ಮಾಡುವ ಶ್ರಮ ಸಾಮಾನ್ಯವಾಗಿ ವ್ಯರ್ಥ.

ನಾಲ್ಕನೆಯ ಪ್ರಶ್ನೆಯನ್ನು ಜನರು ಕೇಳುವುದೇ ಅಪರೂಪ. ನನ್ನ ಎರಡು ದಿನಗಳ ಕಷ್ಟಕ್ಕೆ ಕಾರಣವಾದುದೂ ಇದೇ. ಗೋಡೆಯ ಹಿಂದೆ ಏನಿದೆ? ವಾಷರನ್ನು ಬದಲಾಯಿಸುವಾಗ ನಲ್ಲಿಯ ತಲೆಯನ್ನು ಮಾತ್ರ ಬಿಚ್ಚುತ್ತೇವೆ. ಗೋಡೆಯ ಜೋಡಣೆ ಅಲುಗುವುದಿಲ್ಲ. ನಲ್ಲಿಯನ್ನೇ ಬದಲಾಯಿಸುವುದಾದರೆ ಅದರ ಬುಡವನ್ನು ಕೊಳವೆಯಿಂದ ತಿರುಗಿಸಿ ಬಿಡಿಸಬೇಕು. ಕೊಳವೆ ಹಳೆಯ ಕಬ್ಬಿಣದ್ದಾದರೆ ಅದರ ತುದಿ ಮುರಿಯುವ ಭಯ ಯಾವಾಗಲೂ ಉಂಟು. ನಲ್ಲಿಯ ಒಡಲು ಗೋಡೆಯೊಳಗೇ ಹುದುಗಿದ್ದು ಹಿಡಿ ಮಾತ್ರ ಹೊರಗೆ ಕಾಣುವಂತಿದ್ದರಂತೂ, ಬದಲಾವಣೆಯೆಂದರೆ ಟೈಲ್ಸುಗಳನ್ನು ಒಡೆಯುವುದೆಂದೇ ಅರ್ಥ. ಇಂತಹ ಕಡೆ ರಿಪೇರಿಯ ಪಕ್ಷಕ್ಕೆ ಹೆಚ್ಚು ಬಲ. ಬದಲಾವಣೆ ಅನಿವಾರ್ಯವಾದರೆ, ಗೋಡೆ ಒಡೆಯುವ ಸಂಭವವನ್ನು ಮೊದಲೇ ಲೆಕ್ಕಕ್ಕೆ ಹಿಡಿದು, ಬೇಕಾದ ಸಾಮಗ್ರಿ ಕೈಯಲ್ಲಿರುವಾಗ, ಅಂಗಡಿಗಳು ತೆರೆದಿರುವ ದಿನ ಬೆಳಗ್ಗೆ ಕೆಲಸವನ್ನಾರಂಭಿಸಬೇಕು.

ವಾಷರನ್ನು ಬದಲಾಯಿಸುವುದು ಮನೆಯಲ್ಲಿ ಯಾರಾದರೂ ಮಾಡಬಹುದಾದ ಕೆಲಸ. ಮೇಲಿನ ತೊಟ್ಟಿಯಿಂದ ಬರುವ ವಾಲ್ವನ್ನು ಮುಚ್ಚಿ, ನಲ್ಲಿಯನ್ನು ತೆರೆದು ಉಳಿದ ನೀರನ್ನು ಹರಿಯಗೊಡಬೇಕು. ಬಚ್ಚಲಿನ ಕಿಂಡಿಗೆ ಒಂದು ಬಟ್ಟೆಯನ್ನು ಹಾಸಬೇಕು. ಸಣ್ಣ ತಿರುಪುಮೊಳೆಗಳಿಗೆ ಅದರೊಳಗೆ ಬೀಳುವ ಚಪಲ ಬಹಳ. ನಲ್ಲಿ ಅರ್ಧ ತೆರೆದಿರುವಂತೆಯೇ, ಸ್ಪ್ಯಾನರು ಗೀಚದ ಹಾಗೆ ಬಟ್ಟೆ ಸುತ್ತಿ ತಲೆಯನ್ನು ಬಿಚ್ಚಬೇಕು. ಮುಚ್ಚಿದ ಸ್ಥಿತಿಯಲ್ಲಿ ಬಿಚ್ಚಿದರೆ ವಾಷರು ಪೀಠಕ್ಕೆ ಒತ್ತಿ ತಿರುಪಿಗೆ ಪೆಟ್ಟಾಗುತ್ತದೆ. ಹಳೆಯ ವಾಷರಿನ ಅಳತೆಯದೇ ಹೊಸದನ್ನು ಕೂರಿಸಿ, ಪೀಠವನ್ನು ಒರೆಸಿ, ತಲೆಯನ್ನು ಮತ್ತೆ ಬಿಗಿದರೆ ಕೆಲಸ ಮುಗಿಯಿತು. ಕೊನೆಗೆ ವಾಲ್ವನ್ನು ನಿಧಾನವಾಗಿ ತೆರೆಯಬೇಕು.

ಹೊಸದನ್ನು ತರುವುದೇ ಸರಿಯೆಂದು ತೋರಿದಾಗ ಹಳೆಯದಕ್ಕೆ ಅಂಟಿಕೊಳ್ಳುವುದೂ ವಿವೇಕವಲ್ಲ. ಆಗ ಕೊಳ್ಳುವ ನಲ್ಲಿ ಗಟ್ಟಿ ಹಿತ್ತಾಳೆಯದೂ ಐ.ಎಸ್.ಐ. ಮುದ್ರೆಯುಳ್ಳದೂ ಆಗಿರಲಿ, ಅದರ ವಾಷರೋ ಕಾರ್ಟ್ರಿಜ್ಜೋ ಬಿಡಿಯಾಗಿ ದೊರೆಯುತ್ತದೆಯೇ ಎಂದು ಕೊಳ್ಳುವ ಮೊದಲೇ ವಿಚಾರಿಸಬೇಕು. ಮುಂದೆ ರಿಪೇರಿಯಾಗಲಾರದ ವಸ್ತುವನ್ನು ಇಂದು ಕೊಳ್ಳುವುದೆಂದರೆ, ಇದೇ ಪ್ರಶ್ನೆಯನ್ನು ಉತ್ತರವಿಲ್ಲದಂತೆ ಮಾಡಿ ಮನೆಗೆ ತಂದಂತೆ.

ಒಟ್ಟಿನಲ್ಲಿ ಹೇಳುವುದಾದರೆ, ಬಿಚ್ಚಿ ನೋಡಿದ ಮೇಲೆ ತೀರ್ಮಾನಿಸಬೇಕು, ತೀರ್ಮಾನಿಸಿದ ಮೇಲೆ ಬಿಚ್ಚಬಾರದು. ಸವೆಯಲೆಂದೇ ಇಟ್ಟ ಭಾಗ ಸವೆದಿದ್ದರೆ ಅದನ್ನು ಬದಲಾಯಿಸುವುದು. ಬಾಳಲೆಂದು ಇಟ್ಟ ಭಾಗವೇ ಸವೆದಿದ್ದರೆ ನಲ್ಲಿಯನ್ನು ಬದಲಾಯಿಸುವುದು. ನಾನು ಅವಸರದಲ್ಲಿ ಕೀಳಿಸಿದ ಆ ಹಳೆಯ ನಲ್ಲಿಗೆ ಹೊಸ ವಾಷರನ್ನು ಹಾಕಿ ಹಿತ್ತಲಿನ ಕೊಳವೆಗೆ ಜೋಡಿಸಿದ್ದೇನೆ. ಗಿಡಗಳಿಗೆ ನೀರು ಬಿಡುವಾಗಲೆಲ್ಲ ಅದನ್ನು ಮುಟ್ಟುತ್ತೇನೆ. ಅದರಿಂದ ಈವರೆಗೆ ಒಂದು ಹನಿಯೂ ಸೋರಿಲ್ಲ.